ಎಚ್ಚರದ ಸವಿ

ಮಾರ್ಚ್ ಕೊನೆಯ ಹೊತ್ತಿಗೆ ಸಿ.ವಿ. ರಾಮನ್ ನಗರದ ಹೊಂಗೆ ಮರಗಳು ಎಳೆಹಸಿರು ಹೊದ್ದು ನಿಲ್ಲುತ್ತವೆ. ಹೆಚ್ಚುಕಡಿಮೆ ಅದೇ ಸಮಯಕ್ಕೆ ಈ ಕಡೆಯ ರೆಸ್ಟೋರೆಂಟುಗಳ ಮೇಜಿನ ಮೇಲೆ ಹೊಸ ಕಾರ್ಡೊಂದು ಬಂದು ಕೂರುತ್ತದೆ. ಬೇಸಿಗೆಯ ಕಾಕ್‌ಟೇಲುಗಳ ಕಾರ್ಡು. ಬಾಗ್ಮನೆ ಟೆಕ್ ಪಾರ್ಕಿನಿಂದ ಸಂಜೆ ಹೊರಬೀಳುವವರು, ಕಗ್ಗದಾಸಪುರ, ಮಲ್ಲೇಶಪಾಳ್ಯದ ಬಾಡಿಗೆ ಮನೆಗಳ ಹುಡುಗ ಹುಡುಗಿಯರು, ಶನಿವಾರ ರಾತ್ರಿ ಇಂದಿರಾನಗರದ 100 ಅಡಿ ರಸ್ತೆಗೆ ಊಟಕ್ಕೆ ಹೋಗುವ ಸಂಸಾರಗಳು ಅದನ್ನು ತಿರುವಿ ಹಾಕುತ್ತಾರೆ. ಮಾವಿನಕಾಯಿ ರಸದ ಜೊತೆ ಜಿನ್. ಕಲ್ಲಂಗಡಿ, ಪುದೀನದ ಜೊತೆ ವೊಡ್ಕಾ. ಪುನರ್ಪುಳಿಯ ಕೆಂಪಿಗೆ ರಮ್. ಎಳನೀರಿನಲ್ಲಿ ತೇಲುವ ತಾಟಿನಿಂಗಿನ ಹೋಳು, ಲೋಟದ ಅಂಚಿಗೆ ಸವರಿದ ಉಪ್ಪು ಖಾರ.

ನಾನು ಮದ್ಯ ಮುಟ್ಟುವವನಲ್ಲ. ಆದರೂ ಆ ಕಾರ್ಡನ್ನು ಸಂತೋಷದಿಂದಲೇ ಓದುತ್ತೇನೆ. ನಾನು ಚಿಕ್ಕವನಿದ್ದಾಗ ಬಾರ್ ಎಂದರೆ ಕಿಟಕಿಗೆ ಕಪ್ಪು ಗಾಜು ಹಾಕಿದ ಕತ್ತಲ ಕೋಣೆ. ಒಳಗೆ ಹೋದವನಿಗೆ ಹೊರಗೆ ಮಳೆಯೋ ಬಿಸಿಲೋ ತಿಳಿಯುತ್ತಿರಲಿಲ್ಲ, ತಿಳಿಯದಿರಲಿ ಎಂದೇ ಅವನು ಹೋಗುತ್ತಿದ್ದದ್ದು. ಈಗ ಆ ಕೋಣೆಯೊಳಕ್ಕೆ ಋತು ಬಂದಿದೆ. ಕರಾವಳಿಯ ಅಂಗಳದಲ್ಲಿ ಒಣಗುತ್ತಿದ್ದ ಪುನರ್ಪುಳಿಯ ಸಿಪ್ಪೆ, ಅಜ್ಜಿಯರು ಮಾತ್ರ ಕೇಳಿ ತರಿಸುತ್ತಿದ್ದ ಬೇಲದ ಹಣ್ಣು, ಸೊಗದೆ ಬೇರು, ಇವೆಲ್ಲ ಇಪ್ಪತ್ತೈದರ ಹರೆಯದವರ ನಾಲಿಗೆಗೆ ಮತ್ತೆ ಪರಿಚಯವಾಗುತ್ತಿವೆ. ವರ್ಷವಿಡೀ ಒಂದೇ ರುಚಿಯ ಬಾಟಲಿ ಪಾನೀಯ ಕುಡಿದು ಬೆಳೆದ ತಲೆಮಾರು 'ಇದು ಈ ತಿಂಗಳು ಮಾತ್ರ ಸಿಗುತ್ತೆ' ಎನ್ನುವುದನ್ನು ಕಲಿಯುತ್ತಿದೆ. ಸಿಗುವಾಗ ಸವಿಯುವುದು, ಹೋದಾಗ ಬಿಟ್ಟುಕೊಡುವುದು, ಮುಂದಿನ ವರ್ಷಕ್ಕೆ ಕಾಯುವುದು ಒಂದು ಸಂಸ್ಕಾರ. ಅದು ಯಾವ ಬಾಗಿಲಿನಿಂದ ಬಂದರೂ ನಾನು ಎದ್ದು ಸ್ವಾಗತಿಸುತ್ತೇನೆ.

ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಸವಿಯುವುದಕ್ಕೆ ಎಚ್ಚರ ಬೇಕು. ನಾಲಿಗೆ, ಮೂಗು, ಕಣ್ಣು ಮೂರೂ ಎದ್ದಿರಬೇಕು. ಮದ್ಯವೋ ಎಚ್ಚರವನ್ನು ಸ್ವಲ್ಪ ಸ್ವಲ್ಪವಾಗಿ ಮಲಗಿಸುವ ವಸ್ತು. ಋತುವಿನ ರುಚಿ, ಮದ್ಯ ಎರಡನ್ನೂ ಒಂದೇ ಲೋಟಕ್ಕೆ ಸುರಿದಾಗ ನಾವು ಕುಡಿಯುತ್ತಿರುವುದು ಯಾವುದಕ್ಕಾಗಿ?

ಈ ಪ್ರಶ್ನೆಯನ್ನು ಕೇಳಲು ಈ ಬಡಾವಣೆಗಿಂತ ತಕ್ಕ ಜಾಗ ಇಲ್ಲ. ನಮ್ಮ ಪ್ರದೇಶಕ್ಕೆ ಹೆಸರು ಕೊಟ್ಟ ಮನುಷ್ಯ 1930ರ ಡಿಸೆಂಬರಿನಲ್ಲಿ ನೊಬೆಲ್ ಪಡೆಯಲು ಸ್ಟಾಕ್‌ಹೋಮಿಗೆ ಹೋದಾಗಿನ ಕತೆಯನ್ನು ಬಹಳ ಜನ ಕೇಳಿರಬಹುದು. ಔತಣದಲ್ಲಿ ಮದ್ಯದ ಲೋಟ ಮುಂದೆ ಬಂದಾಗ ರಾಮನ್ ಬೇಡವೆಂದರಂತೆ. ಆಲ್ಕೋಹಾಲಿನ ಮೇಲೆ ರಾಮನ್ ಪರಿಣಾಮ ನೋಡಿದ್ದೀರಿ, ರಾಮನ್ ಮೇಲೆ ಆಲ್ಕೋಹಾಲಿನ ಪರಿಣಾಮ ನೋಡುವ ಯತ್ನ ಬೇಡ ಎಂದರಂತೆ. ಈ ಕತೆಯನ್ನು ಚತುರ ಉತ್ತರವೆಂದು ಹೇಳಿ ನಕ್ಕು ಮುಗಿಸುತ್ತೇವೆ. ನನಗೆ ಅದರಲ್ಲಿ ನಗುವಿಗಿಂತ ಹೆಚ್ಚಿನದು ಕಾಣುತ್ತದೆ.

ಆ ಮನುಷ್ಯನ ಬದುಕೇ ನೋಡುವುದರ ಮೇಲೆ ನಿಂತಿತ್ತು. 1921ರಲ್ಲಿ ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿದರು. ಆಕಾಶದ ಬಣ್ಣ ನೀರಲ್ಲಿ ಕಂಡು ಸಮುದ್ರ ನೀಲಿಯಾಗಿದೆ ಎಂಬ ಅಂದಿನ ವಿವರಣೆ ಅವರಿಗೆ ಸಾಲಲಿಲ್ಲ. ಮುಂದೆ ಕಲ್ಕತ್ತೆಯಲ್ಲಿ ಕೆ.ಎಸ್. ಕೃಷ್ಣನ್ ಜೊತೆ ಸೇರಿ ಸುಮಾರು 60 ದ್ರವಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಧೂಳಿನ ಕಣವೂ ಉಳಿಯದಂತೆ ದ್ರವವನ್ನು ಶುದ್ಧಗೊಳಿಸಿ, ಗಾಜಿನ ಬುರುಡೆಯಲ್ಲಿ ತುಂಬಿ, ಬಿಸಿಲಿನ ಕಿರಣವನ್ನು ಅದರೊಳಗೆ ಹಾಯಿಸಿ, ಚದುರಿ ಬಂದ ಬೆಳಕಿನಲ್ಲಿ ಬಣ್ಣ ಒಂದಿಷ್ಟಾದರೂ ಬದಲಾಗಿದೆಯೇ ಎಂದು ಕಣ್ಣಿಟ್ಟು ನೋಡುವುದು. ದ್ರವದೊಳಕ್ಕೆ ಹೋದ ಬೆಳಕಿನ ಕಣಗಳಲ್ಲಿ ಸುಮಾರು ಒಂದು ಕೋಟಿಗೆ ಒಂದು ಮಾತ್ರ ಹಾಗೆ ಬದಲಾಗಿ ಬರುತ್ತದೆ. ರಾಮನ್ ಪರಿಣಾಮವೆಂದು ಹೆಸರಾದ ಅದನ್ನು 1928ರ ಫೆಬ್ರವರಿ 28ರಂದು ಖಚಿತವಾಗಿ ಕಂಡರು. ಕೋಟಿಯಲ್ಲಿ ಒಂದನ್ನು ಹಿಡಿಯುವ ಎಚ್ಚರ ಅದು. ಅಂಥವರು ಔತಣದಲ್ಲಿ ಲೋಟವನ್ನು ಪಕ್ಕಕ್ಕೆ ಸರಿಸಿದ್ದರೆ ಅದು ಬರೀ ಮಡಿವಂತಿಕೆಯಾಗಿರಲಾರದು. ತನ್ನ ಬಳಿಯಿದ್ದ ಅತಿ ಬೆಲೆಬಾಳುವ ಉಪಕರಣವನ್ನು, ತನ್ನ ಎಚ್ಚೆತ್ತ ಇಂದ್ರಿಯಗಳನ್ನು, ಒಂದು ಸಂಜೆಯ ಮಟ್ಟಿಗೂ ಮಂಕಾಗಿಸಲು ಮನಸ್ಸಾಗಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ಎಲ್ಲರೂ ರಾಮನ್ ಆಗಬೇಕಿಲ್ಲ. ಆದರೆ ಒಂದು ಮಾವಿನಕಾಯಿ ಕಾಕ್‌ಟೇಲಿನ ಮೊದಲ ಗುಟುಕನ್ನು ಕುಡಿಯುವವರ ಮುಖ ನೋಡಿ. ದವಡೆಯ ಮೂಲೆಯಲ್ಲಿ ಹುಳಿ ಜುಮ್ಮೆನ್ನುತ್ತದೆ, ಕಣ್ಣು ಸಣ್ಣಗಾಗುತ್ತದೆ, ತೊಟ್ಟಿನ ಸೊನೆಯ ಘಾಟು ಮೂಗಿಗೆ ಏರುತ್ತದೆ. 'ಆಹಾ' ಎನ್ನುತ್ತಾರೆ. ಆ ಕ್ಷಣ ಅವರು ಪೂರ್ತಿ ಎಚ್ಚೆತ್ತಿದ್ದಾರೆ. ಬೇಸಿಗೆ ಅವರೊಳಗೆ ಬಂದಿದೆ. ಎರಡನೆಯ ಲೋಟಕ್ಕೆ ಮಾತು ಜೋರಾಗುತ್ತದೆ, ರುಚಿಯ ಕಡೆಗೆ ಗಮನ ಅರ್ಧ. ಮೂರನೆಯದು ಬಂದಾಗ ಅದು ಹಸಿ ಕಾಯಿಯ ರಸವೋ ಬಾಟಲಿಯ ಸಿರಪ್ಪೋ ನಾಲಿಗೆ ಕೇಳುವುದೇ ಇಲ್ಲ. ಯಾವ ತಿಂಗಳ ರುಚಿಗೆಂದು ಹೊರಟರೋ ಆ ತಿಂಗಳು ಲೋಟದಿಂದ ಎದ್ದು ಹೋಗಿರುತ್ತದೆ.

ಇದಕ್ಕೆ ದೇಹದ ಕಾರಣಗಳೂ ಇವೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಜಿನ್, ರಮ್, ವೊಡ್ಕಾಗಳಲ್ಲಿ ಆಲ್ಕೋಹಾಲು ನೂರಕ್ಕೆ 42.8ರಷ್ಟು. ಒಂದು ಕಾಕ್‌ಟೇಲಿಗೆ 60 ಮಿಲಿ ಹಾಕಿದರೆ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲು ಒಳಗೆ ಹೋಯಿತು. ಬರಿದಾಗಿ ಕುಡಿದರೆ ಗಂಟಲು ಸುಡುತ್ತದೆ. ಆ ಉರಿ ದೇಹ ಕೊಡುವ ಎಚ್ಚರಿಕೆ. ಹಣ್ಣಿನ ಸಿಹಿ, ನಿಂಬೆಯ ಹುಳಿ, ಐಸಿನ ತಂಪು ಸೇರಿ ಆ ಎಚ್ಚರಿಕೆಯ ಬಾಯಿ ಮುಚ್ಚಿಸುತ್ತವೆ. ಬಿಸಿಲಲ್ಲಿ ಬಂದವನು ಪಾನಕ ಕುಡಿದಂತೆ ಗಟಗಟ ಕುಡಿದುಬಿಡುತ್ತಾನೆ. ಇನ್ನೂ ದೊಡ್ಡ ವಿಷಯವೆಂದರೆ ಬಾಯಾರಿಕೆಯದು. ದೇಹದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನೊಂದಿದೆ, ವ್ಯಾಸೊಪ್ರೆಸಿನ್. ಆಲ್ಕೋಹಾಲು ಅದನ್ನು ತಡೆಯುತ್ತದೆ. ಹಾಗಾಗಿ ಒಳಗೆ ಹೋದ ನೀರು ಬೇಗ ಹೊರಗೆ ಹೋಗುತ್ತದೆ. ಬೇಸಿಗೆಯ ದಾಹಕ್ಕೆಂದು ಕುಡಿದದ್ದು ದಾಹವನ್ನೇ ಬೆಳೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಇನ್ನೂ ನೇರವಾಗಿ ಹೇಳಿತು: ಆರೋಗ್ಯಕ್ಕೆ ತೊಂದರೆಯಿಲ್ಲದ ಮದ್ಯದ ಪ್ರಮಾಣ ಎಂಬುದೇ ಇಲ್ಲ. ಇದನ್ನು ನಾನು ಹೆದರಿಸಲು ಹೇಳುತ್ತಿಲ್ಲ. ಲೋಟದಲ್ಲಿ ಏನಿದೆ ಎಂದು ತಿಳಿದು ಕುಡಿಯುವವನಿಗೂ ತಿಳಿಯದೆ ಕುಡಿಯುವವನಿಗೂ ಅಂತರವಿದೆ, ಅಷ್ಟೇ.

ಬೇಸಿಗೆಯ ಪಾನೀಯವೆಂದರೆ ಈ ನೆಲದಲ್ಲಿ ಮೊದಲಿನಿಂದ ಏನಾಗಿತ್ತು ಎಂದು ಯೋಚಿಸಿದರೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ. ಅದು ಕೊಳ್ಳುವ ವಸ್ತುವಾಗಿರಲಿಲ್ಲ, ಕೊಡುವ ವಸ್ತುವಾಗಿತ್ತು. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ, ಗುಡಿ ಕಟ್ಟಿಸಿದವರ ಸಾಲಿನಲ್ಲೇ ಅರವಟ್ಟಿಗೆ ಇಟ್ಟವರೂ ಬರುತ್ತಾರೆ. ದಾರಿಹೋಕನಿಗೆ ನೀರು ಕೊಡುವ ಚಪ್ಪರಕ್ಕೆ ಭೂಮಿ ಬಿಟ್ಟು, ಅದನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ದೊಡ್ಡ ಧರ್ಮ ಅದು. ರಾಮನವಮಿಯ ದಿನ ಇಂದಿಗೂ ಹಲಸೂರಿನ, ಬೈರಸಂದ್ರದ ಓಣಿಗಳಲ್ಲಿ ಶಾಮಿಯಾನ ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಬೆಲ್ಲ, ಏಲಕ್ಕಿ, ಶುಂಠಿ, ನಿಂಬೆ ಬೆರೆಸಿದ ಡ್ರಮ್ಮಿನ ಪಕ್ಕ ನಿಂತ ಹುಡುಗ ಬೈಕಿನವನನ್ನೂ ಬಸ್ಸಿನವನನ್ನೂ ಕೈಬೀಸಿ ಕರೆಯುತ್ತಾನೆ. ಜಾತಿ ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ, ಇನ್ನೊಂದು ಲೋಟ ಬೇಕೇ ಎಂದು ಮಾತ್ರ ಕೇಳುತ್ತಾನೆ.

ಅಲ್ಲಿಂದ ಶಿವಾಜಿನಗರಕ್ಕೆ ಹೋಗಿ. ಈಚಿನ ಕೆಲವು ವರ್ಷ ರಂಜಾನ್ ಬೇಸಿಗೆಯ ಹೊಸ್ತಿಲಲ್ಲಿ ಬಂದಿದೆ, 2024ರಲ್ಲಂತೂ ಸುಡುವ ಮಾರ್ಚಿನಲ್ಲೇ ಬಂತು. ಹಗಲಿಡೀ ಒಂದು ಹನಿ ನೀರು ಮುಟ್ಟದೆ ದುಡಿದವರು ರಸೆಲ್ ಮಾರ್ಕೆಟ್ಟಿನ ಸುತ್ತಲ ಮಸೀದಿಗಳ ಮುಂದೆ ಸಂಜೆಗೆ ಕೂರುತ್ತಾರೆ. ಖರ್ಜೂರದ ಜೊತೆ ಶರಬತ್ತು ಕೈಯಿಂದ ಕೈಗೆ ಹೋಗುತ್ತದೆ. ಪಕ್ಕದಲ್ಲಿ ಕೂತವನ ಕೈಗೆ ಲೋಟ ಬಂದಿದೆಯೇ ಎಂದು ನೋಡಿಯೇ ತನ್ನದನ್ನು ತುಟಿಗಿಡುತ್ತಾರೆ. ಇನ್ನು ಹಲಸೂರು ಕೆರೆಯ ಬದಿಯಲ್ಲಿ ಗುರುದ್ವಾರವಿದೆ. ಗುರು ಅರ್ಜನ್ ದೇವ್ ಲಾಹೋರಿನಲ್ಲಿ 1606ರ ಬೇಸಿಗೆಯಲ್ಲಿ ಪ್ರಾಣ ಬಿಟ್ಟರು. ಕಾದ ಹಂಚಿನ ಮೇಲೆ ಕೂರಿಸಿ ಕಾದ ಮರಳು ಸುರಿದು ಹಿಂಸಿಸಿದರೆಂದು ಸಿಖ್ಖರು ನೆನೆಯುತ್ತಾರೆ. ಆ ನೆನಪಿಗೆ ಅವರು ಮಾಡುವುದೇನು? ಮೇ ಜೂನ್‌ನ ಬಿಸಿಲಲ್ಲಿ ರಸ್ತೆಗೆ ಬಂದು, ಹಾಲು, ನೀರು, ಸಕ್ಕರೆ, ಗುಲಾಬಿಯ ಪರಿಮಳ ಬೆರೆಸಿದ ತಂಪು ಛಬೀಲನ್ನು ಸಿಕ್ಕಸಿಕ್ಕವರಿಗೆಲ್ಲ ಕೊಡುವುದು. ತಮ್ಮ ಗುರು ಉರಿಯಲ್ಲಿ ಸತ್ತ ದಿನ ಹೊರಗಿನ ಒಬ್ಬನೂ ಬಾಯಾರಿ ಹೋಗಬಾರದು ಎನ್ನುವ ಸಮುದಾಯದ ಮುಂದೆ ನಾನು ಮನಸ್ಸಿನಲ್ಲೇ ತಲೆಬಾಗುತ್ತೇನೆ. ನೋವನ್ನು ನೆನೆಯಲು ಇದಕ್ಕಿಂತ ದೊಡ್ಡ ದಾರಿ ನನಗೆ ತಿಳಿದಿಲ್ಲ.

ಕೆಲವೇ ಕಿಲೋಮೀಟರುಗಳ ಒಳಗೆ ಮೂರು ಧರ್ಮದವರು, ಮೂರು ಬಗೆಯ ಸಿಹಿನೀರು, ಒಂದೇ ನಡೆ. ಬೇಸಿಗೆಯ ರುಚಿಯನ್ನು ಅವರು ಇನ್ನೊಬ್ಬನ ದಾಹದ ಜೊತೆ ಕಟ್ಟಿದ್ದರು. ಕುಡಿಯುವವನ ಎಚ್ಚರ ತನ್ನ ನಾಲಿಗೆಯಲ್ಲಿ ಮುಗಿಯದೆ ಪಕ್ಕದವನ ಒಣಗಿದ ತುಟಿಯವರೆಗೂ ಹೋಗುತ್ತಿತ್ತು. ಅದೇ ಮಾವು, ಅದೇ ನಿಂಬೆ, ಅದೇ ಎಳನೀರು ಈಗ ಹವಾನಿಯಂತ್ರಿತ ಕೋಣೆಯ ಮೇಜಿನ ಮೇಲೆ ಬಂದಾಗ ನಾವು ಕಳೆದುಕೊಳ್ಳುತ್ತಿರುವುದು ಈ ದೂರದ ಎಚ್ಚರವನ್ನು.

ಮಾವನ್ನೇ ತೆಗೆದುಕೊಳ್ಳಿ. ರಾಜ್ಯದಲ್ಲಿ ಹೆಚ್ಚು ಮಾವು ಬೆಳೆಯುವುದು ಕೋಲಾರ ಜಿಲ್ಲೆ, ಅದರಲ್ಲೂ ಶ್ರೀನಿವಾಸಪುರ. ಅಲ್ಲಿಂದ ಬೆಂಗಳೂರಿಗೆ ಬರುವ ಲಾರಿಗಳು ಕೆ.ಆರ್. ಪುರ ದಾಟಿ ಹಳೆ ಮದರಾಸು ರಸ್ತೆಯಲ್ಲಿ ನಮ್ಮ ಬಡಾವಣೆಯ ಹೆಗಲು ಸವರಿಕೊಂಡೇ ಹೋಗುತ್ತವೆ. 2025ರ ಜೂನಿನಲ್ಲಿ ತೋತಾಪುರಿಯ ಬೆಲೆ ನೆಲಕಚ್ಚಿತು. ಶ್ರೀನಿವಾಸಪುರದ ಹಣ್ಣಿಗೆ ದೊಡ್ಡ ಆಸರೆ ಗಡಿಯಾಚೆ ಆಂಧ್ರದ ಚಿತ್ತೂರು ಜಿಲ್ಲೆಯ ತಿರುಳಿನ ಕಾರ್ಖಾನೆಗಳು. ಆ ಜಿಲ್ಲೆ ಕರ್ನಾಟಕದ ತೋತಾಪುರಿಗೆ ಬಾಗಿಲು ಹಾಕಿತು. ರೈತರು ಬೀದಿಗಿಳಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿಯ ಮಧ್ಯಪ್ರವೇಶ ಬೆಲೆ ನಿಗದಿ ಮಾಡಿತು. ಕಿಲೋಗೆ ಹದಿನಾರು ರೂಪಾಯಿ ಹದಿನಾರು ಪೈಸೆ. ಸರ್ಕಾರ ಕೈಹಿಡಿದ ಮೇಲಿನ ಬೆಲೆ ಅದು.

ಅದೇ ಜೂನಿನಲ್ಲಿ ಮಾವಿನ ಕಾಕ್‌ಟೇಲುಗಳ ಹಬ್ಬ ನಗರದಲ್ಲಿ ನಡೆದೇ ಇತ್ತು. ಒಂದು ಲೋಟಕ್ಕೆ ಕೊಡುವ ಹಣದಲ್ಲಿ ಬಾಡಿಗೆ, ತೆರಿಗೆ, ಸಂಬಳ, ವಿದ್ಯುತ್ತು ಎಲ್ಲವೂ ಇದೆ, ಅದನ್ನು ಬಲ್ಲೆ. ಹೋಟೆಲಿನವರು ರೈತನನ್ನು ದೋಚಿದರು ಎಂದು ನಾನು ಹೇಳಲಾರೆ. ನನಗೆ ನೋವಾಗುವುದು ಬೇರೆ ಕಡೆ. ಜಿನ್ ಯಾವ ದೇಶದ್ದು, ಯಾವ ಕಂಪನಿಯದು, ಅದರಲ್ಲಿ ಯಾವ ಯಾವ ಬೀಜ ಬೇರು ಹಾಕಿದ್ದಾರೆ ಎಂದು ಕಾರ್ಡಿನಲ್ಲಿ ಹೆಸರು ಹಿಡಿದು ಬರೆದಿರುತ್ತದೆ. ಮಾವಿನಕಾಯಿಗೆ ಮಾತ್ರ ಊರಿಲ್ಲ. ಗುರುತಿಸಿ ಗೌರವಿಸಬೇಕಾದದ್ದು ಬಾಟಲಿ, ಹಣ್ಣು ತಾನಾಗಿ ಬಂದದ್ದು ಎಂಬ ನಂಬಿಕೆ ನಮಗೆ ತಿಳಿಯದೆಯೇ ನಮ್ಮೊಳಗೆ ಕೂತಿದೆ. ಋತುವಿನ ಹೆಸರಲ್ಲಿ ಮಾರುವ ಪಾನೀಯದಲ್ಲಿ ಋತುವಿನ ಜೊತೆ ಹೆಣಗಿದವರ ಊರಾದರೂ ಇರಬೇಡವೇ?

ಐಸಿಗೂ ಒಂದು ಊರಿದೆ. ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರು ದೂರದಿಂದ, ಪಂಪುಗಳು ಹಂತಹಂತವಾಗಿ ಎತ್ತಿ ತಂದು. 2024ರ ಬೇಸಿಗೆಯಲ್ಲಿ ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದರು. ಆ ಮಾರ್ಚಿನಲ್ಲಿ ನಗರದ ಪೂರ್ವ ಭಾಗದ ಬಡಾವಣೆಗಳಲ್ಲಿ ಜನ ಟ್ಯಾಂಕರಿನ ಫೋನಿಗೆ ಕಾದು ರಾತ್ರಿ ನಿದ್ದೆಗೆಟ್ಟರು. ಅಂದಿನಿಂದ, ಯಾರಾದರೂ ಅರ್ಧ ಲೋಟ ಐಸನ್ನು ಹಾಗೇ ಬಿಟ್ಟು ಎದ್ದಾಗ ನನ್ನ ಕಣ್ಣು ಆ ಕಡೆಗೆ ಹೋಗದೆ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ, ಕುಡಿಯುವವರನ್ನು ಬೈಯುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ ಎಂದೂ ಹೇಳಬೇಕು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಗುಂಪೊಂದು ನುಗ್ಗಿ ಹೆಣ್ಣುಮಕ್ಕಳನ್ನು ಅಟ್ಟಿಸಿಕೊಂಡು ಹೊಡೆದ ದೃಶ್ಯವನ್ನು ನಾಡೇ ನೋಡಿತು. ಸಂಸ್ಕೃತಿಯ ಹೆಸರು ಹೇಳಿಕೊಂಡು ಮಾಡಿದ ಆ ಕೃತ್ಯದಲ್ಲಿ ಯಾವ ಸಂಸ್ಕೃತಿಯೂ ಇರಲಿಲ್ಲ. ಮದ್ಯ ಕುಡಿಯದೆಯೂ ಮನುಷ್ಯ ಮೈಮರೆಯಬಲ್ಲ ಎಂಬುದಕ್ಕೆ ಸಾಕ್ಷಿ ಅದು. ಇನ್ನೊಬ್ಬರ ಲೋಟವನ್ನು ಕಸಿದು ಯಾರೂ ಧರ್ಮವನ್ನು ಉಳಿಸಿಲ್ಲ.

ಇನ್ನೊಂದು ಬಗೆಯ ಮರೆವು ಹೆಚ್ಚು ಸಭ್ಯವಾಗಿ ನಮ್ಮೆಲ್ಲರಲ್ಲೂ ಇದೆ. ಉಳ್ಳವನ ಕುಡಿತವನ್ನು ಅಭಿರುಚಿ ಎನ್ನುತ್ತೇವೆ, ಇಲ್ಲದವನ ಕುಡಿತವನ್ನು ಚಟ ಎನ್ನುತ್ತೇವೆ. ಎರಡೂ ಕಡೆ ಒಳಗೆ ಹೋಗುವುದು ಒಂದೇ ವಸ್ತು, ಅದನ್ನು ತಡೆಯಬೇಕಾದ ಯಕೃತ್ತೂ ಒಂದೇ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಅಗ್ಗದ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ದುಡಿದು ಬಳಲಿದ ಬಡವರೇ ಹೆಚ್ಚು. ಅವರ ಲೋಟದಲ್ಲಿ ಏನಿದೆ ಎಂದು ನೋಡಿ ಹೇಳುವವರು ಯಾರೂ ಇರಲಿಲ್ಲ. ಇಂದು, ಬಾಟಲಿಯ ಮುಚ್ಚಳ ತೆಗೆಯದೆಯೇ ಗಾಜಿನ ಹೊರಗಿನಿಂದ ಬೆಳಕು ಹಾಯಿಸಿ ಒಳಗಿನ ಮದ್ಯದಲ್ಲಿ ಮೆಥನಾಲ್ ಇದೆಯೇ ಎಂದು ಪತ್ತೆಹಚ್ಚುವ ಉಪಕರಣಗಳನ್ನು ವಿಜ್ಞಾನಿಗಳು ಮಾಡಿದ್ದಾರೆ. ಅವು ಕೆಲಸ ಮಾಡುವುದು ರಾಮನ್ ಪರಿಣಾಮದಿಂದಲೇ. ಮದ್ಯವನ್ನು ಬೇಡವೆಂದ ಮನುಷ್ಯನ ಶೋಧ ಕುಡಿಯುವವನ ಪ್ರಾಣ ಕಾಯುವ ಕೆಲಸಕ್ಕೆ ನಿಂತಿರುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ತಾನು ಒಲ್ಲದ್ದನ್ನು ಮಾಡುವವನನ್ನೂ ಕಾಪಾಡಬಲ್ಲದ್ದು ಜ್ಞಾನ. ನಮ್ಮ ನೈತಿಕತೆಗೂ ಆ ಗುಣ ಬರಬೇಕು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪುಟ್ಟ ಡಬ್ಬಿ ಬಂತು. 2019ರ ಜನವರಿಯಲ್ಲಿ ಹಳ್ಳಿಗಳ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಗಂಡನ ಕೂಲಿ ಮನೆ ಮುಟ್ಟುವ ಮೊದಲೇ ಅಂಗಡಿಯಲ್ಲಿ ಕರಗುತ್ತಿದೆ, ಇದನ್ನು ಯಾರಾದರೂ ಕೇಳಿ ಎಂಬುದು ಅವರ ಗೋಳಾಗಿತ್ತು. ಸಂವಿಧಾನದ 47ನೇ ವಿಧಿ ಮದ್ಯಪಾನವನ್ನು ನಿಲ್ಲಿಸಲು ಯತ್ನಿಸುವಂತೆ ಸರ್ಕಾರಗಳಿಗೆ ಹೇಳುತ್ತದೆ. 2025-26ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ ಅಬಕಾರಿಯಿಂದ ಇಟ್ಟುಕೊಂಡ ಆದಾಯದ ಗುರಿ 40,000 ಕೋಟಿ ರೂಪಾಯಿ. ಶಾಲೆ, ರಸ್ತೆ, ಪಿಂಚಣಿಗೆ ಹೋಗುವ ಹಣದಲ್ಲಿ ಅದೂ ಸೇರಿದೆ. ಹಾಗಾದರೆ ಕುಡಿಯದ ನಾನೂ ಆ ಹಣದ ರಸ್ತೆಯಲ್ಲೇ ನಡೆಯುತ್ತಿದ್ದೇನೆ. ಇಂದಿರಾನಗರದ ಲೋಟಕ್ಕೂ ಹಾಗೆ ನಡೆದು ಬಂದ ಹೆಂಗಸಿನ ಕಣ್ಣೀರಿಗೂ ನಡುವೆ ಗೋಡೆಯಿದೆ ಎಂದುಕೊಳ್ಳುವುದು ಸುಲಭ. ಎರಡನ್ನೂ ಬರೆದಿಡುವ ಲೆಕ್ಕದ ಪುಸ್ತಕ ಮಾತ್ರ ಒಂದೇ.

ಒಮ್ಮೆ ಮಗಳು ತನ್ನ ಆಫೀಸಿನ ಗೆಳೆಯರ ಜೊತೆ ಊಟಕ್ಕೆ ನನ್ನನ್ನೂ ಕರೆದಿದ್ದಳು. ಎಲ್ಲರೂ ಬೇಸಿಗೆಯ ಕಾರ್ಡು ನೋಡಿ ತಮಗೆ ಬೇಕಾದ್ದನ್ನು ಹೇಳಿದರು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ 'ನಂಗೆ ಬೇಡ' ಅಂದ. 'ಅಯ್ಯೋ, ಒಂದು ತಗೊಳೋ, ಇದು ಜ್ಯೂಸ್ ಥರಾನೇ' ಎಂದು ಒಬ್ಬರಾದ ಮೇಲೊಬ್ಬರು ಶುರುಮಾಡಿದರು. ಪ್ರೀತಿಯಿಂದಲೇ. ಅವನ ಮುಖದಲ್ಲಿ ಒಂದು ಸಣ್ಣ ಸೋಲು ಕಂಡಿತು. ಬೇಡ ಎಂಬುದಕ್ಕೆ ಕಾರಣ ಕೊಡಬೇಕಾದ ಮೇಜು ಸಂತೋಷದ ಮೇಜಲ್ಲ. ಅವನ ಮನೆಯಲ್ಲಿ ಕುಡಿತ ಏನು ಮಾಡಿದೆಯೋ, ಅವನು ಯಾರಿಗೆ ಮಾತು ಕೊಟ್ಟಿದ್ದಾನೋ, ಅಥವಾ ಸುಮ್ಮನೆ ಮನಸ್ಸಿಲ್ಲವೋ, ನಮಗೇನು ಗೊತ್ತು? ಮಗಳು ತಡೆದಳು. 'ಬಿಡ್ರೋ ಅವನನ್ನ' ಎಂದಳು. ಆಮೇಲೆ ನನ್ನ ಕಡೆ ತಿರುಗಿ, 'ಅಪ್ಪ, ನಿಮಗೇನು ಹೇಳಲಿ?' ಎಂದಳು. ಮದ್ಯವಿಲ್ಲದವು ಕಾರ್ಡಿನ ಕೊನೆಯ ಪುಟದಲ್ಲಿದ್ದವು. ಸೋಡಾ, ಬಣ್ಣದ ಸಿರಪ್ಪು. ಮಾವಿನಕಾಯಿಯೂ ಇಲ್ಲ, ಪುನರ್ಪುಳಿಯೂ ಇಲ್ಲ.

ನಾನು ಎದ್ದು ಕೌಂಟರಿನ ಬಳಿ ಹೋಗಿ, ಆ ಮಾವಿನಕಾಯಿಯದನ್ನೇ ಜಿನ್ ಹಾಕದೆ ಎರಡು ಲೋಟ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದೆ. ಒಳಗಿದ್ದ ಯುವಕ ಅಸ್ಸಾಮಿನವನು, ತೊದಲು ಕನ್ನಡದಲ್ಲಿ 'ಆಗುತ್ತೆ ಸರ್, ಐದು ನಿಮಿಷ' ಎಂದ. ಮಾಡುವುದನ್ನು ನಿಂತು ನೋಡಿದೆ. ಸುಟ್ಟ ಮಾವಿನಕಾಯಿಯ ತಿರುಳು, ಜೀರಿಗೆ, ಚಿಟಿಕೆ ಕರಿ ಉಪ್ಪು, ಪುದೀನ. ಪುದೀನವನ್ನು ಅರೆಯಲಿಲ್ಲ, ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿದ, ಪರಿಮಳ ಎದ್ದಿತು. ಕಲಕಿದ ಮೇಲೆ ಒಂದು ಸ್ಟ್ರಾವನ್ನು ಅದ್ದಿ, ಮೇಲ್ತುದಿಗೆ ಬೆರಳಿಟ್ಟು ಎತ್ತಿ, ಒಂದೇ ಹನಿಯನ್ನು ನಾಲಿಗೆಗೆ ಬಿಟ್ಟುಕೊಂಡ. ತಲೆಯಾಡಿಸಿ ಇನ್ನೊಂದಿಷ್ಟು ಉಪ್ಪು ಹಾಕಿದ. ಪಕ್ಕದ ಲೋಟಕ್ಕೂ ಹಾಗೆಯೇ, ಅದರ ಪಕ್ಕದ ರಮ್ಮಿನ ಲೋಟಕ್ಕೂ ಹಾಗೆಯೇ. ಅವನ ಪಾಳಿ ಮುಗಿಯುವವರೆಗೆ ಅವನು ಕುಡಿಯುವುದಿಲ್ಲ. ಸಂಜೆಯಿಂದ ನಡುರಾತ್ರಿಯವರೆಗೆ ಆ ಕೋಣೆಯ ಎಲ್ಲ ರುಚಿಗಳೂ ಅವನ ನಾಲಿಗೆಯ ಮೇಲೆ ಹನಿಹನಿಯಾಗಿ ಹಾದುಹೋಗುತ್ತವೆ. ಅಲ್ಲಿ ಬಂದವರೆಲ್ಲರಿಗಿಂತ ಹೆಚ್ಚು ಸವಿದವನು ಅವನು, ಅಷ್ಟೇ ಎಚ್ಚರವಾಗಿ ಇದ್ದವನೂ ಅವನೇ. ನಾನು ಇಷ್ಟು ಹೊತ್ತು ಹೇಳಲು ಹೆಣಗಿದ್ದನ್ನು ಆ ಹುಡುಗ ಮಾತಿಲ್ಲದೆ ಮಾಡುತ್ತಿದ್ದ.

ಆ ಎರಡು ಲೋಟ ಮೇಜಿಗೆ ಬಂದಾಗ ಹೊಸ ಹುಡುಗ ಒಂದು ಗುಟುಕು ಕುಡಿದು, 'ನಮ್ಮಜ್ಜಿ ಮಾಡ್ತಿದ್ದ ಥರಾನೇ ಇದೆ' ಎಂದ. ಒತ್ತಾಯ ಮಾಡಿದವರೇ ಅವನ ಲೋಟಕ್ಕೆ ಕೈಚಾಚಿ ರುಚಿ ನೋಡಿದರು. ಮುಂದಿನ ಸುತ್ತಿಗೆ ಇಬ್ಬರು ಅದನ್ನೇ ತರಿಸಿಕೊಂಡರು. ಒಬ್ಬ ತನ್ನ ಸ್ಕೂಟರು ಅಲ್ಲೇ ಬಿಟ್ಟು ಕ್ಯಾಬಿನಲ್ಲಿ ಹೋಗುವುದಾಗಿ ಹೇಳಿದ. ರಕ್ತದ 100 ಮಿಲಿಯಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲಿದ್ದರೆ ಗಾಡಿ ಓಡಿಸುವುದು ಅಪರಾಧ. ಒಂದು ದೊಡ್ಡ ಲೋಟವೇ ಕೆಲವರನ್ನು ಆ ಗೆರೆ ದಾಟಿಸಬಲ್ಲದು. ಹೊರಗೆ ಬಂದಾಗ ರಸ್ತೆಯ ತುಂಬ ವಾಹನ. ಹೋಟೆಲಿನ ಮೆಟ್ಟಿಲ ಬಳಿ ಡೆಲಿವರಿ ಹುಡುಗರು ಬೈಕಿಗೆ ಒರಗಿ ಆರ್ಡರಿಗೆ ಕಾಯುತ್ತಿದ್ದರು. ಹಗಲಿನಲ್ಲಿ ಏಪ್ರಿಲ್ ಬಿಸಿಲಲ್ಲೂ ಅಲ್ಲೇ ನಿಂತಿರುತ್ತಾರೆ. ಒಳಗಿನ ಐಸು, ಮಾವು, ಪುದೀನ ಅವರ ಪೆಟ್ಟಿಗೆಯಲ್ಲಿ ಕೂತು ಬೇರೆಯವರ ಮನೆಗೆ ಹೋಗುತ್ತದೆ. ಬೆಂಗಳೂರಿನ ಬಿಸಿಲು 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಮುಟ್ಟಿತ್ತು, 2024ರ ಏಪ್ರಿಲಿನಲ್ಲಿ 38 ದಾಟಿತು. ಅಂಥ ಮಧ್ಯಾಹ್ನಗಳಲ್ಲಿ ಆ ಹುಡುಗರಿಗೆ ನೀರು ಎಲ್ಲಿ ಸಿಗುತ್ತದೆ ಎಂದು ಒಳಗೆ ಕೂತ ನಾವು ಯೋಚಿಸುವುದಿಲ್ಲ.

ಮುಂದಿನ ಬೇಸಿಗೆಯ ಕಾರ್ಡು ಅಚ್ಚಾಗುವ ಮೊದಲು ನಮ್ಮ ಬಡಾವಣೆಯ ಕೆಲವು ಹೋಟೆಲಿನವರನ್ನು ಹೋಗಿ ಕಾಣಬೇಕೆಂದಿದ್ದೇನೆ, ಮಗಳೂ ಬರುತ್ತೇನೆ ಎಂದಿದ್ದಾಳೆ. ಮದ್ಯ ಮಾರಬೇಡಿ ಎಂದು ಕೇಳಲು ಹೋಗುವುದಿಲ್ಲ. ಕೇಳುವುದು ಇಷ್ಟು: ಮಾವಿನಕಾಯಿಯ ಪಕ್ಕ ಶ್ರೀನಿವಾಸಪುರ, ಪುನರ್ಪುಳಿಯ ಪಕ್ಕ ಪುತ್ತೂರೋ ಸುಳ್ಯವೋ, ಅದು ಬಂದ ಊರಿನ ಹೆಸರು ಬರೆಯಿರಿ. ಪ್ರತಿಯೊಂದು ಪಾನೀಯವೂ ಮದ್ಯವಿಲ್ಲದೆ, ಅದೇ ಹಣ್ಣು ಅದೇ ಕೈಯಲ್ಲಿ, ಅದೇ ಸಾಲಿನಲ್ಲಿ ಸಿಗುವಂತೆ ಮಾಡಿ. ಬಾಗಿಲ ಹೊರಗೆ ನೆರಳಿರುವ ಕಡೆ ಒಂದು ಮಣ್ಣಿನ ಗುಡಾಣ, ಅದರಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಉಪ್ಪು, ಶುಂಠಿ, ಕರಿಬೇವು ಹಾಕಿದ ನೀರುಮಜ್ಜಿಗೆ, ಪಕ್ಕದಲ್ಲಿ ಹತ್ತು ಸ್ಟೀಲ್ ಲೋಟ ಇಡಿ. ಮಜ್ಜಿಗೆಯ ಖರ್ಚನ್ನು ಹಂಚಿಕೊಳ್ಳಲು ನಮ್ಮ ಬೀದಿಯ ಕೆಲವರು ಆಗಲೇ ಒಪ್ಪಿದ್ದಾರೆ. ಗುಡಾಣ ಎಲ್ಲಿಡಬೇಕು, ಲೋಟ ತೊಳೆಯುವವರು ಯಾರು ಎಂಬುದನ್ನು ಹೋಟೆಲಿನವರ ಜೊತೆ ಕೂತು ತೀರ್ಮಾನಿಸಬೇಕು.